ಎರಡು ಕೌದಿ

ಕಳೆದ ವರ್ಷ ಜುಲೈ ತಿಂಗಳ ಒಂದು ಶನಿವಾರ, ವಾಷಿಂಗ್ ಮಷೀನ್ ಹಿಂದಿನಿಂದ ಏನೋ ವಾಸನೆ ಬರ್ತಿದೆ ಅಂತ ಹೆಂಡತಿ ಹೇಳಿದಳು. ಇಲಿ ಸತ್ತಿರಬೇಕು ಅಂದುಕೊಂಡು ಮಷೀನ್ ಎಳೆದೆ. ಇಲಿ ಇರಲಿಲ್ಲ. ಮುದುರಿ ತುರುಕಿದ್ದ ಎರಡು ಚಡ್ಡಿ, ಒಂದು ಪೈಜಾಮ, ಕಾರಿನ ಚಿತ್ರಗಳಿರುವ ಒಂದು ಬೆಡ್‌ಶೀಟ್ ಇದ್ದವು. ಎಲ್ಲವೂ ಉಚ್ಚೆಯಲ್ಲಿ ನೆನೆದು ಅಲ್ಲೇ ಒಣಗಿದ್ದವು.

ನನ್ನ ಮಗನಿಗೆ ಆಗ ಎಂಟು ವರ್ಷ, ಮೂರನೇ ಕ್ಲಾಸು. ವಾರದಲ್ಲಿ ನಾಲ್ಕೈದು ರಾತ್ರಿ ಹಾಸಿಗೆಯಲ್ಲೇ ಆಗುತ್ತಿತ್ತು. ಇದು ಹೊಸದೇನಲ್ಲ, ಹುಟ್ಟಿದಾಗಿನಿಂದ ಅವನು ಒಂದು ತಿಂಗಳೂ ಪೂರ್ತಿ ಒಣಗಿದ ಹಾಸಿಗೆಯಲ್ಲಿ ಎದ್ದವನಲ್ಲ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿದ್ದೆವು. ಸಂಜೆ ಆರರ ಮೇಲೆ ನೀರು ಬಂದ್. ರಾತ್ರಿ ಹನ್ನೆರಡಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾನೇ ಅವನನ್ನು ಎತ್ತಿಕೊಂಡು ಹೋಗಿ ಬಾತ್‌ರೂಮಿನಲ್ಲಿ ನಿಲ್ಲಿಸುತ್ತಿದ್ದೆ. ನಿದ್ದೆಗಣ್ಣಲ್ಲೇ ಮುಗಿಸಿ ಬಂದು ಮಲಗುತ್ತಿದ್ದ, ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಒದ್ದೆ. ಅಷ್ಟೆಲ್ಲ ಹಳೆಯದು. ಹೊಸದು ಅಂದರೆ ಈ ಬಚ್ಚಿಡುವುದು.

ಅವನನ್ನು ಕರೆದು ಬಟ್ಟೆ ತೋರಿಸಿದೆ. ತಲೆ ತಗ್ಗಿಸಿ ನಿಂತ. "ಎಂಟು ವರ್ಷ ಆಯ್ತು, ಕತ್ತೆ ಹಂಗೆ ಬೆಳೆದಿದ್ದೀಯ, ನಾಚಿಕೆ ಆಗಲ್ವಾ ನಿಂಗೆ?" ಅಂತ ಕೂಗಿದೆ. ಕೈ ಕೂಡ ಎತ್ತಿದ್ದೆ, ಹೆಂಡತಿ ನಡುವೆ ಬಂದಳು. ಅವನು ಅಳಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಬಕೆಟ್ಟಿಗೆ ಹಾಕಿದ.

ಆ ಮಾತು ನನ್ನದಾಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ನನ್ನ ಆಯಿ, ಅಂದರೆ ಅಪ್ಪನ ಅವ್ವ, ನನಗೆ ಅಂದಿದ್ದ ಮಾತು ಅದು. ಕತ್ತೆಯ ಸಮೇತ.

ಮುಂದಿನ ವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಸುಮಾರು ಅರ್ಧ ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಹಗಲಲ್ಲೂ ಚಡ್ಡಿ ಒದ್ದೆ ಆಗುತ್ತಾ? ಉರಿ ಇದೆಯಾ? ತುಂಬಾ ಬಾಯಾರಿಕೆಯಾ, ತೂಕ ಇಳಿದಿದೆಯಾ? ಮಲ ಗಟ್ಟಿಯಾಗಿ ಹೋಗುತ್ತಾ? ಗೊರಕೆ ಹೊಡೀತಾನಾ? ಶಾಲೆಯಲ್ಲಿ ನೀರು ಕುಡೀತಾನಾ? ಕೊನೆಗೆ ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿ ಕೇಳಿದರು: "ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಚಿಕ್ಕವರಿದ್ದಾಗ ಈ ತೊಂದರೆ ಇತ್ತಾ?"

ಹೆಂಡತಿ ಇಲ್ಲ ಅಂದಳು. ನಾನೂ ಇಲ್ಲ ಅಂದೆ.

ಅವಳು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು.

ಕಾರಿನಲ್ಲಿ ವಾಪಸ್ ಬರುವಾಗ ಹೆಂಡತಿ ಕಿಟಕಿಯ ಕಡೆ ನೋಡುತ್ತಾ ಅಂದಳು, "ಆರು ತಿಂಗಳಿಗೇ ಅವನನ್ನ ಬಿಟ್ಟು ಆಫೀಸಿಗೆ ಹೋದೆನಲ್ಲ ರೀ, ಅದಕ್ಕೇ ಇರಬೇಕು." ಅವಳು ತುಮಕೂರಿನವಳು. ನೆಂಟರೊಬ್ಬರು ಆಗಲೇ ಅವಳಿಗೆ "ಡೈಪರ್ ಜಾಸ್ತಿ ಹಾಕಿದ್ದಕ್ಕೆ ಹೀಗೆ" ಅಂತಲೂ ಹೇಳಿದ್ದರು. ಮದುವೆಯಾಗಿ ಹತ್ತು ವರ್ಷ. ಮಗನಿಗೆ ಇದು ಯಾರಿಂದ ಬಂತು ಅಂತ ನನಗೆ ಗೊತ್ತಿತ್ತು. ಆದರೂ ಸಿಗ್ನಲ್ ಹಸಿರಾಗುವುದನ್ನೇ ನೋಡುತ್ತಾ ಸುಮ್ಮನೆ ಕೂತೆ.

ನಾನು ಬೆಳೆದದ್ದು ಭೀಮರಾಯನಗುಡಿಯಲ್ಲಿ. ನಮ್ಮ ಕಡೆ ಅಷ್ಟುದ್ದ ಯಾರೂ ಹೇಳೋದಿಲ್ಲ, ಬಿ.ಗುಡಿ ಅಂತೀವಿ. ಶಹಾಪುರದ ಪಕ್ಕದಲ್ಲೇ ಇದೆ. ಈಗ ಯಾದಗಿರಿ ಜಿಲ್ಲೆ, ನಾನು ಚಿಕ್ಕವನಿದ್ದಾಗ ಗುಲ್ಬರ್ಗ ಜಿಲ್ಲೆ. ಕೃಷ್ಣಾ ಮೇಲ್ದಂಡೆ ಯೋಜನೆ ಬಂದು, ನಾರಾಯಣಪುರ ಎಡದಂಡೆ ಕಾಲುವೆ ಬಂದು, ಅದರ ಆಫೀಸುಗಳು, ಅವುಗಳಿಗೆ ಕ್ವಾರ್ಟರ್ಸುಗಳು ಬಂದು ಆದ ಊರು. ಅಪ್ಪನಿಗೆ ಕಾಲುವೆ ಗೇಟು ನೋಡಿಕೊಳ್ಳುವ ಕೆಲಸ. ಸಾಲಾಗಿ ಕಟ್ಟಿದ ಚಿಕ್ಕ ಕ್ವಾರ್ಟರ್ಸುಗಳಲ್ಲಿ ನಮ್ಮದೊಂದು. ಅಲ್ಲಿ ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರು ಸೀನುತ್ತಿದ್ದರು. ಅಂಥ ಕಡೆ ದಿನಾ ಬೆಳಿಗ್ಗೆ ಕಂಪೌಂಡ್ ಗೋಡೆ ಮೇಲೆ ಒದ್ದೆ ಕೌದಿ ಬಿದ್ದರೆ ಏನರ್ಥ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೌದಿ ಗೊತ್ತಿಲ್ಲದವರಿಗೆ: ಹಳೇ ಸೀರೆ, ಧೋತರ, ಹರಿದ ಅಂಗಿಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲೆದ ಹೊದಿಕೆ. ಹಾಸಲಿಕ್ಕೂ ಅದೇ, ಹೊದಿಯಲಿಕ್ಕೂ ಅದೇ. ಒಣಗಿದ್ದಾಗಲೇ ಭಾರ, ನೆನೆದರಂತೂ ಒಬ್ಬರ ಕೈಲಿ ಹಿಂಡಲಿಕ್ಕೆ ಆಗುವುದಿಲ್ಲ.

ನಾನು ಹನ್ನೊಂದು ವರ್ಷದವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದೆ. ಒಲೆ ಮುಂದೆ ಕಡ್ಡಿ ಹಿಡಿದು ಕೂತರೆ ಆಯಿ, "ಬೆಂಕಿ ಕೂಡ ಆಡಬ್ಯಾಡ, ರಾತ್ರಿ ಹಾಸಿಗ್ಯಾಗ ಹೊಯ್ಕೋತಿ" ಅನ್ನುತ್ತಿದ್ದಳು. ನಾನು ಬೆಂಕಿ ಬಿಟ್ಟೆ, ಹಾಸಿಗೆ ಒಣಗಲಿಲ್ಲ. ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ತಿನ್ನಿಸಿದಳು. ಉಂಡೆ ರುಚಿಯಾಗಿತ್ತು, ಅಷ್ಟೇ ಲಾಭ. ಕೊನೆಗೆ ಸಿಟ್ಟು ಬಂದು "ಬಳಿ ಕಾಸಿ ಬರೆ ಹಾಕ್ತೀನಿ ನೋಡು" ಅಂದಳು. ಹಾಕಲಿಲ್ಲ. ಆದರೆ ಮುಂದೆ ಎಷ್ಟೋ ರಾತ್ರಿ ನಾನು ಕೆಂಪಗೆ ಕಾದ ಬಳೆಯನ್ನು ನೆನೆಯುತ್ತಾ ಮಲಗಿದ್ದೇನೆ. ಹೆದರಿ ಮಲಗಿದ ದಿನ ಒದ್ದೆ ಇನ್ನೂ ಜಾಸ್ತಿ.

ಬೇಸಿಗೆ ಅಂದರೆ ಬೇರೆಯೇ ಸಂಕಟ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟುತ್ತದೆ. ಒಳಗೆ ಮಲಗಲು ಸಾಧ್ಯವೇ ಇಲ್ಲ, ನಾಲ್ಕು ಮನೆಯವರೆಲ್ಲ ಮಾಳಿಗೆ ಮೇಲೆ ಸಾಲಾಗಿ ಹಾಸಿಕೊಂಡು ಮಲಗುತ್ತಿದ್ದೆವು. ಎಲ್ಲಾ ಹುಡುಗರಿಗೆ ಅದು ಹಬ್ಬ. ನಾನು ಮಾತ್ರ ಕೊನೆಯಲ್ಲಿ, ಗೋಡೆ ಬದಿಗೆ ಜಾಗ ಹಿಡಿದು ನಿದ್ದೆ ಮಾಡಬಾರದು ಅಂತ ಶಹಾಪುರದ ಗುಡ್ಡದ ಕಡೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದೆ. ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದೇ ಗುಡ್ಡ. ಬುದ್ಧನ ಮೇಲೆ ಬಹಳ ಹೊಟ್ಟೆಕಿಚ್ಚು ಬರುತ್ತಿತ್ತು, ಎಷ್ಟು ನಿಶ್ಚಿಂತೆಯಿಂದ ಮಲಗಿದ್ದಾನೆ ಅಂತ. ಬೆಳಗಿನ ಜಾವಕ್ಕೆ ಕಣ್ಣು ಹತ್ತಿದರೆ ಮುಗಿಯಿತು.

ಐದನೇ ಕ್ಲಾಸಿನಲ್ಲಿ ನಮ್ಮ ಮಾಸ್ತರರು ನವೋದಯ ಪರೀಕ್ಷೆಗೆ ಫಾರ್ಮ್ ತುಂಬಿಸಿದರು. ನಿಮಗೂ ಗೊತ್ತಿರಬಹುದು, ಐದರಲ್ಲಿ ಪರೀಕ್ಷೆ, ಪಾಸಾದರೆ ಆರರಿಂದ ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲಾ ಸರ್ಕಾರದ್ದೇ. ನಾನು ಲೆಕ್ಕದಲ್ಲಿ ಚುರುಕಿದ್ದೆ. "ನಮ್ಮ ಹುಡುಗ ಹೊಡೀತಾನ" ಅಂತ ಅಪ್ಪ ಕಾಲುವೆ ಮೇಲೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ನನಗೆ ಕಾಣುತ್ತಿದ್ದದ್ದು ಒಂದೇ: ಉದ್ದನೆಯ ಡಾರ್ಮಿಟರಿ, ಸಾಲು ಮಂಚ, ಬೆಳಿಗ್ಗೆ ಎಲ್ಲರೂ ನನ್ನ ಹಾಸಿಗೆ ನೋಡುವುದು.

ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರ ಬಿಟ್ಟು ಪಕ್ಕದ್ದನ್ನು ಬರೆದೆ. ಒಂದೆರಡಲ್ಲ, ಲೆಕ್ಕದ ಭಾಗದಲ್ಲಿ ಹೆಚ್ಚುಕಡಿಮೆ ಎಲ್ಲಾ. ರಿಸಲ್ಟ್ ಬಂದ ದಿನ ಅಪ್ಪ ಏನೂ ಬೈಯಲಿಲ್ಲ. "ಪೇಪರ್ ಟಫ್ ಇತ್ತಂತ ಬಿಡು" ಅಂದ. ಹನ್ನೊಂದು ತುಂಬಿದ ಮೇಲೆ ಒಂದು ದಿನ, ಯಾವ ಉಂಡೆಯೂ ಯಾವ ಬರೆಯೂ ಇಲ್ಲದೆ, ಅದು ತಾನಾಗಿ ನಿಂತಿತು. ಆಮೇಲೆ ಪಿಯುಸಿ, ಕಲಬುರಗಿಯಲ್ಲಿ ಬಿಇ, ಬೆಂಗಳೂರು, ಕೆಲಸ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಚೆನ್ನಾಗಿಯೇ ಮಲಗಿದೆ. ನವೋದಯದ ಸುದ್ದಿ ಮಾತ್ರ ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಮಗನ ಶಾಲೆಯಿಂದ ಮೆಸೇಜು ಬಂತು. ಮೂರನೇ ಕ್ಲಾಸಿನವರಿಗೆ ಒಂದು ರಾತ್ರಿಯ ಕ್ಯಾಂಪ್, ಟೆಂಟಿನಲ್ಲಿ ಮಲಗುವುದು. ಅವನು ಓದಿ ಫೋನ್ ವಾಪಸ್ ಕೊಟ್ಟ. ಹೊರಡುವ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿದ. "ತುಂಬಾ ನೋವು ಅಪ್ಪ, ನಾನು ಹೋಗಲ್ಲ." ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಬಸ್ಸು ಹೋದ ಸಮಯ ದಾಟಿದ ಮೇಲೆ ಎದ್ದು ಎರಡು ದೋಸೆ ತಿಂದ.

ಅವನು ದೋಸೆ ತಿನ್ನುವುದನ್ನು ನೋಡುತ್ತಾ ಕೂತಾಗ ನನಗೆ ಆ ಪರೀಕ್ಷೆಯ ಹಾಳೆ ನೆನಪಾಯಿತು. ಇವನಿಗೆ ತಪ್ಪಿದ್ದು ಒಂದು ರಾತ್ರಿಯ ಟೆಂಟು. ಹೀಗೇ ಬಿಟ್ಟರೆ ಮುಂದೆ ಏನೇನು ತಪ್ಪುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ದಸರಾ ರಜೆಗೆ ಊರಿಗೆ ಹೊರಟೆವು. ಸುಮಾರು ಐನೂರು ಕಿಲೋಮೀಟರು. ಸ್ಲೀಪರ್ ಬಸ್ಸಿನ ಪ್ರಶ್ನೆಯೇ ಇಲ್ಲ, ಕಾರಿನಲ್ಲಿ ಹಗಲು ಹೊತ್ತು ಹೋಗೋದು ನಮ್ಮ ಪದ್ಧತಿ. ಯಾಕೆ ಅಂತ ಕೇಳಿದವರಿಗೆಲ್ಲ "ದಾರಿ ನೋಡಬಹುದು" ಅಂತ ಹೇಳುತ್ತಿದ್ದೆ. ಅಪ್ಪ ರಿಟೈರ್ ಆದ ಮೇಲೆ ಬಿ.ಗುಡಿಯಲ್ಲೇ ಸಣ್ಣ ಮನೆ ಕಟ್ಟಿಸಿದ್ದಾನೆ. ಆ ರಾತ್ರಿ ಮಗ ಅಜ್ಜಿ ಪಕ್ಕ ಮಲಗುತ್ತೇನೆ ಅಂತ ಹಟ ಹಿಡಿದ. ನಾನು ಬೇಡ ಅಂದೆ, ಅವ್ವ ಕೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಎದ್ದು ಹಿತ್ತಲಿಗೆ ಹೋದರೆ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳು. ಟಬ್ಬಿನಲ್ಲಿ ಎರಡು ಕೌದಿ. ಮಗ ಅಲ್ಲೇ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದ.

"ಎರಡ್ಯಾಕ ಯವ್ವ? ಅಂವ ಒಂದರ ಮ್ಯಾಲ ಮಲಗಿದ್ದ" ಅಂದೆ.

"ಒಂದ ಹಾಕಿದ್ರ ಓಣ್ಯಾಗ ಗೊತ್ತಾಗ್ತದ. ಎರಡು ಹಾಕಿದ್ರ ಕೌದಿ ಒಗದಾಳ ಅಂತಾರ" ಅಂದಳು. "ನಿನ್ನವು ಹಂಗೇ ಒಗೀತಿದ್ದೆ. ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಕೌದಿಯ ಒಂದು ತುದಿ ಅವ್ವ, ಒಂದು ತುದಿ ನಾನು ಹಿಡಿದು ಹಿಂಡಿದ್ದು ನೆನಪಿದೆ. ಗೋಡೆ ಮೇಲೆ ಯಾವಾಗಲೂ ಎರಡು ಇರುತ್ತಿದ್ದದ್ದೂ ನೆನಪಿದೆ. ಒಂದು ನನ್ನದು, ಇನ್ನೊಂದು ಒಣಗಿದ್ದದ್ದನ್ನೇ ನೆನೆಸಿ ಹಾಕಿದ್ದು ಅಂತ ಮೂವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು. ಎಷ್ಟು ವರ್ಷ, ದಿನಾ ಒಂದು ಕೌದಿ ಹೆಚ್ಚಿಗೆ ಒಗೆದಿದ್ದಾಳೆ ಇವಳು. ಪೊರಕೆಯಿಂದ ಒಂದೆರಡು ಸಲ ನನಗೆ ಬಾರಿಸಿದ್ದೂ ಇವಳೇ. ಎರಡೂ ನಿಜ.

ಅವ್ವ ಮೊಮ್ಮಗನನ್ನು ಕರೆದಳು. "ಬಾ ಇಲ್ಲಿ ನನ್ನಪ್ಪ. ನಿನಗೊಂದು ಮಾತ ಹೇಳ್ತೀನಿ. ನಿಮ್ಮ ಮುತ್ಯಾ ಹಗಲೆಲ್ಲ ಕಾಲುವಿ ಗೇಟು ಕಾಯ್ತಿದ್ದ. ನಿಮ್ಮಪ್ಪ ರಾತ್ರಿ ಹಾಸಿಗ್ಯಾಗ ಗೇಟು ತೆಗೀತಿದ್ದ!"

ಅವನು ನನ್ನ ಕಡೆ ತಿರುಗಿದ. "ಅಪ್ಪ, ನೀನೂನಾ?"

ಹೆಂಡತಿ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. "ಹೌದು. ಹನ್ನೊಂದು ವರ್ಷದವರೆಗೆ" ಅಂದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ಬಿದ್ದು ಬಿದ್ದು ನಕ್ಕ. ಇಡೀ ದಿನ ನನ್ನನ್ನು ನೋಡಿದಾಗಲೆಲ್ಲ ನಗುತ್ತಿದ್ದ. ಹೆಂಡತಿ ನಗಲಿಲ್ಲ. ರಾತ್ರಿ ಒಂದೇ ಮಾತು ಕೇಳಿದಳು, "ಡಾಕ್ಟ್ರು ಕೇಳಿದಾಗ ಯಾಕೆ ಹೇಳಲಿಲ್ಲ? ನಾನು ಮೂರು ತಿಂಗಳಿಂದ ನನ್ನ ತಪ್ಪು ಅಂದ್ಕೊಂಡಿದೀನಿ." ಎಷ್ಟು ಹುಡುಕಿದರೂ ಅದಕ್ಕೆ ಒಳ್ಳೆಯ ಉತ್ತರ ಸಿಗಲಿಲ್ಲ. ಕ್ಷಮೆ ಕೇಳಿದೆ. ಅದು ಒಂದು ದಿನಕ್ಕೆ ಮುಗಿಯುವ ಜಗಳವೂ ಆಗಿರಲಿಲ್ಲ.

ಬೆಂಗಳೂರಿಗೆ ಬಂದು ಡಾಕ್ಟರಿಗೆ ನಿಜ ಹೇಳಿದೆ. ಅವರೇನೂ ಆಶ್ಚರ್ಯಪಡಲಿಲ್ಲ, "ಅಪ್ಪಂದಿರು ಮೊದಲನೇ ಸಲ ಇಲ್ಲ ಅಂತಾನೇ ಹೇಳೋದು" ಅಂದರು. ಅವತ್ತು ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಯಾರ ಮನೆಯ ವಾಷಿಂಗ್ ಮಷೀನ್ ಹಿಂದೆ ಏನಿದೆಯೋ!

ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಹುಡುಗರಲ್ಲಿ ಜಾಸ್ತಿ. ಏನೂ ಮಾಡದಿದ್ದರೂ ಪ್ರತಿ ವರ್ಷ ಅವರಲ್ಲಿ ನೂರಕ್ಕೆ 15ರಷ್ಟು ಮಕ್ಕಳಿಗೆ ತಾನಾಗಿ ನಿಲ್ಲುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 40ಕ್ಕಿಂತ ಹೆಚ್ಚು, ಇಬ್ಬರಿಗೂ ಇದ್ದಿದ್ದರೆ 75ರ ಹತ್ತಿರ. ರಾತ್ರಿ ಮಿದುಳು ಒಂದು ಹಾರ್ಮೋನ್ ಬಿಟ್ಟು ಮೂತ್ರಪಿಂಡಕ್ಕೆ 'ಈಗ ಕಡಿಮೆ ಮಾಡು' ಅನ್ನುತ್ತದೆ. ಕೆಲವು ಮಕ್ಕಳಲ್ಲಿ ಈ ವ್ಯವಸ್ಥೆ ತಡವಾಗಿ ಶುರುವಾಗುತ್ತದೆ. ಕೆಲವರ ಮೂತ್ರಚೀಲ ರಾತ್ರಿ ಅಷ್ಟು ಹಿಡಿಯುವುದಿಲ್ಲ. ಚೀಲ ತುಂಬಿದೆ ಅನ್ನುವ ಸಂದೇಶ ಬಂದರೂ ಇಂಥ ಮಕ್ಕಳಿಗೆ ಎಚ್ಚರವಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಲರ್ಟ್ ಬರುತ್ತಿದೆ, ಆನ್‌ಕಾಲ್‌ನಲ್ಲಿ ಇರುವವನು ಫೋನ್ ಎತ್ತುತ್ತಿಲ್ಲ. ಸೋಮಾರಿತನ ಅಲ್ಲ, ಹಟ ಅಲ್ಲ, ತಾಯಿ ಕೆಲಸಕ್ಕೆ ಹೋಗಿದ್ದಕ್ಕಂತೂ ಅಲ್ಲ. ಆದರೆ ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರುಮಾಡಿದರೆ, ಹಗಲಲ್ಲೂ ಆದರೆ, ಉರಿ ಅಥವಾ ವಿಪರೀತ ಬಾಯಾರಿಕೆ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಸೋಂಕು, ಸಕ್ಕರೆ ಕಾಯಿಲೆ, ಮನಸ್ಸಿಗೆ ಬಿದ್ದ ಪೆಟ್ಟು, ಏನಾದರೂ ಇರಬಹುದು.

ನಾವು ಮಾಡುತ್ತಿದ್ದದ್ದರಲ್ಲಿ ಅರ್ಧ ಉಲ್ಟಾ ಇತ್ತು. ಶಾಲೆಯ ಟಾಯ್ಲೆಟ್ಟಿಗೆ ಹೋಗಲು ಮನಸ್ಸಿಲ್ಲ ಅಂತ ಮಗ ಇಡೀ ದಿನ ನೀರೇ ಕುಡಿಯುತ್ತಿರಲಿಲ್ಲ, ಮನೆಗೆ ಬಂದು ಎರಡು ಬಾಟಲ್ ಕುಡಿಯುತ್ತಿದ್ದ. ಅದನ್ನು ತಿರುಗಿಸಬೇಕಿತ್ತು: ಹಗಲು ಚೆನ್ನಾಗಿ ಕುಡಿದು ಎರಡು ಮೂರು ಗಂಟೆಗೊಮ್ಮೆ ಹೋಗುವುದು, ಸಂಜೆ ಕಡಿಮೆ, ಮಲಗುವ ಮುಂಚೆ ಒಂದು ಸಲ. ಮಲಬದ್ಧತೆ ಇದ್ದರೆ ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ, ಅದನ್ನು ಮೊದಲು ಸರಿ ಮಾಡಬೇಕು. ಮಧ್ಯರಾತ್ರಿ ನಾನು ಎತ್ತಿಕೊಂಡು ಹೋಗುತ್ತಿದ್ದದ್ದರಿಂದ ಬೆಡ್‌ಶೀಟ್ ಉಳಿಯಬಹುದು, ಅವನ ಮಿದುಳು ಏನೂ ಕಲಿಯುವುದಿಲ್ಲ. ಒಣಗಿದ ರಾತ್ರಿಗೆ ಚಾಕೊಲೇಟ್ ಅನ್ನುವ ಆಸೆಯೂ ಬೇಡ ಅಂದರು, ಅದು ಅವನ ಕೈಯಲ್ಲಿ ಇಲ್ಲ. ನೀರು ಕುಡಿದಿದ್ದಕ್ಕೆ, ಟಾಯ್ಲೆಟ್ಟಿಗೆ ಹೋಗಿದ್ದಕ್ಕೆ ಸ್ಟಾರ್ ಕೊಡಿ.

ಎರಡು ದಾರಿ ಇದ್ದವು. ಒಂದು ಡೆಸ್ಮೋಪ್ರೆಸಿನ್ ಮಾತ್ರೆ, ಆ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ. ತೆಗೆದುಕೊಂಡ ರಾತ್ರಿ ನೀರು ಜಾಸ್ತಿ ಕುಡಿದರೆ ಅಪಾಯ, ಆದ್ದರಿಂದ ಡಾಕ್ಟರು ಹೇಳಿದ ಹಾಗೇ ಕೊಡಬೇಕು. ಇನ್ನೊಂದು ಅಲಾರಂ. ಚಡ್ಡಿಗೆ ಒಂದು ಸೆನ್ಸರ್, ಮೊದಲ ಹನಿ ಬೀಳುತ್ತಲೇ ಗಂಟೆ. ಇದೇನೂ ಹೊಸ ಗ್ಯಾಜೆಟ್ ಅಲ್ಲ. 1904ರಲ್ಲಿ ಮಕ್ಕಳ ವೈದ್ಯ ಫೌಂಡ್ಲರ್ ತನ್ನ ವಾರ್ಡಿನಲ್ಲಿ ಹಾಸಿಗೆ ಒದ್ದೆಯಾದರೆ ನರ್ಸುಗಳಿಗೆ ತಿಳಿಯಲಿ ಅಂತ ಗಂಟೆ ಕಟ್ಟಿಸಿದ್ದ. ಕ್ರಮೇಣ ಮಕ್ಕಳೇ ಒಣಗಿದ ಹಾಸಿಗೆಯಲ್ಲಿ ಏಳತೊಡಗಿದರು. 1938ರಲ್ಲಿ ಅಮೆರಿಕದ ಮೌರರ್ ದಂಪತಿ ಅದನ್ನೇ ಚಿಕಿತ್ಸೆಯಾಗಿ ಮಾಡಿದರು. ಅಂದರೆ ಆಯಿ ನನಗಾಗಿ ಬಳೆ ಕಾಸುವ ಮಾತಾಡುವ ಕಾಲಕ್ಕೆ ಈ ಗಂಟೆಗೆ ಐವತ್ತು ವರ್ಷ ದಾಟಿತ್ತು.

ನಾವು ಅಲಾರಂ ತಂದೆವು. ಮೊದಲ ಎರಡು ವಾರ ಅದಕ್ಕೆ ನಾನು ಎದ್ದೆ, ಹೆಂಡತಿ ಎದ್ದಳು, ಮೇಲಿನ ಮನೆಯ ನಾಯಿ ಎದ್ದಿತು, ಮಗ ಮಾತ್ರ ಏಳಲಿಲ್ಲ. ಹೀಗೇ ಆಗುತ್ತದೆ, ಬಿಡಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾವೇ ಅವನನ್ನು ಪೂರ್ತಿ ಎಬ್ಬಿಸಬೇಕು, ಗಂಟೆ ಅವನೇ ಆರಿಸಬೇಕು, ಟಾಯ್ಲೆಟ್ಟಿಗೆ ನಡೆದು ಹೋಗಬೇಕು, ಶೀಟು ಬದಲಿಸಲು ಕೈಜೋಡಿಸಬೇಕು. ಒಂದು ರಾತ್ರಿ ನಂದು, ಒಂದು ರಾತ್ರಿ ಅವಳದು. ಆಫೀಸಿನ ಆನ್‌ಕಾಲ್ ಇದ್ದ ವಾರ ನನಗೆ ಯಾವ ಗಂಟೆ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ನಾಲ್ಕನೇ ವಾರಕ್ಕೆ ಒದ್ದೆಯ ಕಲೆ ಚಿಕ್ಕದಾಯಿತು. ಆರನೇ ವಾರ ಒಂದು ರಾತ್ರಿ ಗಂಟೆಯೇ ಇಲ್ಲದೆ ಬಾತ್‌ರೂಮಿನ ಲೈಟ್ ಹಾಕಿದ ಸದ್ದು ಕೇಳಿತು. ನಾವಿಬ್ಬರೂ ಕತ್ತಲಲ್ಲಿ ಉಸಿರು ಹಿಡಿದು ಮಲಗಿದ್ದೆವು, ಫ್ಲಶ್ ಆಗುವವರೆಗೆ. ಸತತ ಹದಿನಾಲ್ಕು ಒಣ ರಾತ್ರಿ ಆಗಲು ಹನ್ನೊಂದು ವಾರ ಬೇಕಾಯಿತು.

ಈಗಲೂ ಅಪರೂಪಕ್ಕೆ ಆಗುತ್ತದೆ. ಕಳೆದ ತಿಂಗಳು ಎರಡು ಸಲ. ಅವನೇ ಶೀಟು ತೆಗೆದು ಬಕೆಟ್ಟಿಗೆ ಹಾಕಿ, "ಅಪ್ಪ, ಇವತ್ತು ಗೇಟು ತೆಗೆದುಬಿಟ್ಟೆ" ಅಂತ ಹೇಳುತ್ತಾನೆ. ಮಷೀನ್ ಹಿಂದೆ ಏನೂ ಸಿಗುವುದಿಲ್ಲ.

ಊರಿಂದ ಬರುವಾಗ ಅವ್ವ ಕೊಟ್ಟ ಕೌದಿಯ ಮೇಲೇ ಮಲಗುವುದು ಅವನು. ಎರಡರಲ್ಲಿ ಒಂದು ಸಲ ಕೌದಿಗೂ ತಾಗಿತ್ತು. ಅದು ವಾಷಿಂಗ್ ಮಷೀನಿನಲ್ಲಿ ಹಿಡಿಯುವುದಿಲ್ಲ. ಭಾನುವಾರ ಬೆಳಿಗ್ಗೆ ನಾನೂ ಅವನೂ ಟೆರೇಸಿಗೆ ಒಯ್ದು ಟಬ್ಬಿನಲ್ಲಿ ತುಳಿದು, ಒಂದು ತುದಿ ಅವನು, ಒಂದು ತುದಿ ನಾನು ಹಿಡಿದು ಹಿಂಡುತ್ತಿದ್ದೆವು. ಮೂರನೇ ಮಹಡಿಯ ಆಂಟಿ ಬಟ್ಟೆ ಹರವಲು ಬಂದವರು, "ಎಷ್ಟು ಚೆನ್ನಾಗಿದೆ ಇದು! ಮಳೆಗಾಲದಲ್ಲಿ ಯಾಕೆ ಒಗೀತಿದ್ದೀರಿ?" ಅಂತ ಕೇಳಿದರು.

ದಾರಿ ಧೂಳು, ಹಬ್ಬ, ಏನಾದರೂ ಒಂದು ನೆಪ ನನ್ನ ಬಾಯಿಗೆ ಬರುವಷ್ಟರಲ್ಲಿ ಅವನೇ ಹೇಳಿಬಿಟ್ಟ. "ನಾನು ರಾತ್ರಿ ಒಂದಕ್ಕೆ ಮಾಡ್ಕೊಂಡಿದ್ದೆ ಆಂಟಿ. ನಮ್ಮಪ್ಪನೂ ಮಾಡ್ತಿದ್ರು, ಹನ್ನೊಂದು ವರ್ಷದವರೆಗೆ."

ಆಂಟಿ ನನ್ನ ಕಡೆ ನೋಡಿದರು. ನನ್ನ ಕಿವಿ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಈ ವಯಸ್ಸಿನಲ್ಲೂ.

"ಹೌದು ಆಂಟಿ" ಅಂದೆ. ಕೌದಿಯ ನನ್ನ ತುದಿಯನ್ನು ಇನ್ನೊಂದು ಸುತ್ತು ತಿರುವಿದೆ.